ಪ್ರತಿ ಶುಕ್ರವಾರ ಇಳಿಯುವ ಪವರ್

ಕಂಪ್ಯೂಟರ್ ಕ್ಯಾಬಿನೆಟ್ಟನ್ನು ಹಸುಗೂಸಿನ ಹಾಗೆ ಎದೆಗವಚಿಕೊಂಡು ಅವನು ಅಂಗಡಿಯೊಳಗೆ ಬಂದಾಗ, ಅವಳು ಮೇಜಿನ ಕೆಳಗೆ ಮಂಡಿಯೂರಿ, ಜಾರಿ ಬಿದ್ದ ಸ್ಕ್ರೂ ಹುಡುಕುತ್ತಿದ್ದಳು.

“ರಿಪೇರಿಯವರು ಯಾರೂ ಇಲ್ವಾ?”

“ಇದ್ದಾರೆ,” ಎಂದಿತು ಮೇಜಿನ ಕೆಳಗಿನ ದನಿ.

“ಎಲ್ಲಿ?”

“ನಿಮ್ಮ ಬೂಟಿನ ಹತ್ರ. ಸ್ವಲ್ಪ ಎಡಗಾಲು ಎತ್ತಿ. ಸ್ಕ್ರೂ ಮೇಲೆ ನಿಂತಿದ್ದೀರಿ.”

ಅವನು ಎತ್ತಿದ. ಕೈಯಲ್ಲಿ ಅಷ್ಟು ಭಾರ, ನೆಲದ ಮೇಲೆ ಒಂದೇ ಕಾಲು. ಅವಳು ಆತುರಪಡದೆ ಸ್ಕ್ರೂ ಎತ್ತಿಕೊಂಡು, ಎದ್ದು ನಿಂತು, ಮಂಡಿಯ ಧೂಳು ಕೊಡವಿಕೊಂಡಳು. ಅವನು ಅವಳನ್ನು ನೋಡಿದ. ಆಮೇಲೆ ಅವಳ ಹಿಂದಿದ್ದ ಪರದೆಯ ಕಡೆ ನೋಡಿದ, ಯಾರೋ ಗಂಡಸು ಅಲ್ಲಿಂದ ಹೊರಗೆ ಬರಬೇಕೆನ್ನುವಂತೆ. ಎಂಟು ವರ್ಷದಿಂದ ಅವಳಿಗೆ ಗೊತ್ತಿದ್ದ ನೋಟ ಅದು.

“ಪರದೆ ಹಿಂದೆ ಕೈ ತೊಳೆಯೋ ಜಾಗ ಇದೆ. ಬೇರೆ ಯಾರೂ ಇಲ್ಲ,” ಎಂದಳು. “ಕಾಲು ಕೆಳಗಿಡಬಹುದು.”

ಅವನ ಕಿವಿ ಕೆಂಪಾಯಿತು. ಒಳ್ಳೆಯ ಕಿವಿಗಳು, ಎಂದುಕೊಂಡಳು. ಸುಳ್ಳು ಹೇಳಲು ಬಾರದವರ ಕಿವಿಗಳು.

ಅಂಗಡಿ ಅವಳ ಸೋದರಮಾವನದು. ಮುಂದಿನ ಕೌಂಟರಿನಲ್ಲಿ ಮಾವ ಕೂತು ಕೀಬೋರ್ಡು, ಕೇಬಲ್ಲು ಮಾರುತ್ತಿದ್ದ. ಹಿಂದಿನ ಉದ್ದನೆಯ ಮೇಜು ಅವಳ ರಾಜ್ಯ. ಅಲ್ಲಿ ಜೋಡಣೆಯಾಗಿ ಹೊರಗೆ ಹೋದ ಪ್ರತಿಯೊಂದು ಯಂತ್ರವೂ ಅವಳ ಕೈ ದಾಟಿಯೇ ಹೋಗಿರುತ್ತಿತ್ತು. ಅವನು ಹೊತ್ತು ತಂದದ್ದನ್ನೂ ನೋಡಿದ ಕೂಡಲೇ ಗುರುತು ಹಿಡಿದಳು. ಹೋದ ತಿಂಗಳು ಒಬ್ಬ ಹೆಂಗಸು ಬಂದು ಕೊಂಡುಹೋಗಿದ್ದರು.

“ನಮ್ಮಮ್ಮ ತಗೊಂಡಿದ್ದು,” ಎಂದ ಅವನು. “ನೀವು ಹಾಕಿಕೊಟ್ಟ ಗ್ರಾಫಿಕ್ಸ್ ಕಾರ್ಡ್ ಸರಿ ಇಲ್ಲ. ಗೇಮು ನಿಂತು ನಿಂತು ಓಡುತ್ತೆ.”

“ನಿಂತು ನಿಂತು ಅಂದ್ರೆ?”

“ಬಿಕ್ಕಳಿಕೆ ಬಂದವರು ಮಾತಾಡ್ತಾರಲ್ಲ, ಹಾಗೆ.”

ನಗು ಬಂತು. ತಡೆದುಕೊಂಡಳು. “ಯಾವ ಗೇಮು?”

“ಲಾರಿ ಓಡಿಸೋದು.”

“ದಿನಾ ಎಷ್ಟು ಹೊತ್ತು ಆಡ್ತೀರಿ?”

“ನಾನಲ್ಲ. ನಮ್ಮಪ್ಪ.”

ಅವನು ಕ್ಯಾಬಿನೆಟ್ಟಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ, ಹೇಳಬೇಕೋ ಬೇಡವೋ ಎಂಬಂತೆ ಹೇಳಿದ. ಅಪ್ಪ ಮೂವತ್ತೆಂಟು ವರ್ಷ ಲಾರಿ ಓಡಿಸಿದವರು. ಒಂದು ವರ್ಷದ ಹಿಂದೆ ಪಾರ್ಶ್ವವಾಯು ಹೊಡೆದು ಬಲಗೈ ಸೋತಿತ್ತು, ಮಾತು ತಡವರಿಸುತ್ತಿತ್ತು. ಹತ್ತು ಹನ್ನೊಂದು ತಿಂಗಳು ಗೋಡೆ ನೋಡಿಕೊಂಡು ಕೂತಿದ್ದರು. ಸ್ಟೀರಿಂಗ್ ತಂದು ಮೇಜಿಗೆ ಕಚ್ಚಿಸಿ, ಈ ಗೇಮು ಹಾಕಿಕೊಟ್ಟ ದಿನ ಮೊದಲ ಬಾರಿಗೆ ತಾವಾಗಿಯೇ ಬಲಗೈ ಎತ್ತಿದ್ದರು. ಈಗ ಹತ್ತು ದಿನದಿಂದ ಗೇಮು ಬಿಕ್ಕಳಿಸುತ್ತಿತ್ತು. ಅದನ್ನು ನೋಡಿ ನೋಡಿ ಅವರಿಗೆ ತಲೆ ಸುತ್ತುತ್ತಿತ್ತು. ನಿನ್ನೆಯಿಂದ ಸ್ಟೀರಿಂಗ್ ಮುಟ್ಟಿರಲಿಲ್ಲ.

“ಮತ್ತೆ ಗೋಡೆ ಕಡೆ ತಿರುಗಿ ಕೂತ್ಕೊಂಡಿದ್ದಾರೆ,” ಎಂದ.

ಅವಳು ಮೇಜಿನ ಮೇಲಿದ್ದ ಬೇರೆಯವರ ಲ್ಯಾಪ್‌ಟಾಪನ್ನು ಬದಿಗೆ ಸರಿಸಿದಳು. “ಇಲ್ಲಿ ಇಡಿ. ಸೋಮವಾರ ಬನ್ನಿ.”

ಸೋಮವಾರದವರೆಗೆ ಆ ಯಂತ್ರ ಅವಳ ಮೇಜಿನ ಮೇಲೆ ಒಂದು ಸಲವೂ ಬಿಕ್ಕಲಿಲ್ಲ. ಗಿರಾಕಿಗಳ ಫೈಲು, ಫೋಟೋ ಇರುವ ಡಿಸ್ಕನ್ನು ಅವಳು ತೆರೆಯುವವಳಲ್ಲ. ಅದನ್ನು ಬಿಚ್ಚಿಟ್ಟು, ತನ್ನದೇ ಡಿಸ್ಕ್ ಹಾಕಿ ಪರೀಕ್ಷೆ ಮಾಡುವುದು ಅವಳ ಪದ್ಧತಿ. ಕಾರ್ಡು ಕುದುರೆಯ ಹಾಗೆ ಓಡಿತು. “ಏನೂ ತೊಂದರೆ ಇಲ್ಲ” ಎಂದು ಹೇಳಿ ಕಳಿಸಿದಳು. ಬುಧವಾರ ಫೋನು.

“ಮತ್ತೆ ಅದೇ ಬಿಕ್ಕಳಿಕೆ. ನಿಜವಾಗ್ಲೂ ಟೆಸ್ಟ್ ಮಾಡಿದ್ರಾ?”

ಆ ಮಾತಿಗೆ ಅವಳ ಸಿಟ್ಟು ಮೂಗಿನ ತುದಿಗೆ ಬಂತು. “ಅಡ್ರೆಸ್ ಹೇಳಿ,” ಎಂದಳು. “ನಾನೇ ಬರ್ತೀನಿ.”

*

ಮೂರನೇ ಮಹಡಿಯ ಮನೆ. ಲಿಫ್ಟ್ ಇತ್ತು; ಅವಳು ಸಿಟ್ಟಿನಲ್ಲಿ ಮೆಟ್ಟಿಲನ್ನೇ ಹತ್ತಿದಳು. ಬಾಗಿಲು ತೆರೆದವರು ಅವನ ಅಮ್ಮ. ಕೈಗೆ ಸೋಪಿನ ನೊರೆ, ಮುಖದ ತುಂಬ ನಗು. ಕಿಟಕಿಯ ಬದಿಯ ಕೋಣೆಯಲ್ಲಿ, ನಿಜವಾದ ಲಾರಿಯ ಡ್ರೈವರ್ ಸೀಟೊಂದನ್ನು ಮರದ ಹಲಗೆಗೆ ಬೋಲ್ಟು ಹಾಕಿ ನಿಲ್ಲಿಸಿದ್ದರು. ಅದರಲ್ಲಿ ದೊಡ್ಡ ಭುಜದ, ಬಿಳಿ ಮೀಸೆಯ ಮನುಷ್ಯರೊಬ್ಬರು, ಬಲಗೈಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದರು.

“ಅಪ್ಪ, ರಿಪೇರಿಯವರು ಬಂದಿದ್ದಾರೆ.”

ಅವರು ನಿಧಾನವಾಗಿ ತಲೆ ತಿರುಗಿಸಿದರು. ಅವಳ ಹಿಂದೆ ಯಾರನ್ನೂ ಹುಡುಕಲಿಲ್ಲ. ಅವಳ ಕೈಯಲ್ಲಿದ್ದ ಉಪಕರಣದ ಚೀಲ ನೋಡಿ ಒಂದೊಂದೇ ಅಕ್ಷರ ಜೋಡಿಸಿ ಹೇಳಿದರು:

“ಬಾ... ಮೇಸ್ತ್ರಿ.”

ರಸ್ತೆ ಬದಿಯ ಗ್ಯಾರೇಜುಗಳಲ್ಲಿ ಲಾರಿಯವರು ಮೆಕ್ಯಾನಿಕ್ಕನ್ನು ಕರೆಯುವ ಹೆಸರು. ಯಾರೂ ಅವಳಿಗೆ ಅಷ್ಟು ದೊಡ್ಡ ಬಿರುದು ಕೊಟ್ಟಿರಲಿಲ್ಲ. ಅವಳ ಸಿಟ್ಟೆಲ್ಲ ಬಾಗಿಲಲ್ಲೇ ಚಪ್ಪಲಿಯ ಜೊತೆ ಉಳಿಯಿತು.

“ಓಡಿಸಿ, ಯಜಮಾನರೇ. ನೋಡೋಣ.”

ಯಜಮಾನರು ಓಡಿಸಿದರು. ಬೆಟ್ಟದ ರಸ್ತೆ, ಮರಗಳು, ಮಂಜು. ಮೊದಲ ತಿರುವಿನಲ್ಲೇ ಪರದೆ ಗಕ್ಕನೆ ನಿಂತಿತು, ಹಾರಿತು, ಮತ್ತೆ ನಿಂತಿತು. ಅವರು ಕಣ್ಣು ಮುಚ್ಚಿಕೊಂಡರು. ಹಣೆಯಲ್ಲಿ ಬೆವರು.

ಅವಳು ಅಂಕಿಗಳನ್ನು ನೋಡಿದಳು. ಸೆಕೆಂಡಿಗೆ ಇಪ್ಪತ್ತಾರು ಚಿತ್ರ. ಕನಿಷ್ಠ ಅರವತ್ತಾದರೂ ಇರಬೇಕಿತ್ತು. ಆ ಚಿತ್ರಗಳನ್ನು ಮೂಡಿಸುವ ಕಾರ್ಡಿನ ಬಿಸಿ ನೋಡಿದರೆ ಬರೀ ನಲವತ್ತೊಂಬತ್ತು ಡಿಗ್ರಿ. ಕಷ್ಟಪಟ್ಟು ದುಡಿಯುವ ಕಾರ್ಡು ಅಷ್ಟು ತಣ್ಣಗಿರುವುದಿಲ್ಲ. ಮೂಲೆಯಲ್ಲಿದ್ದ ಒಂದು ಚಿಕ್ಕ ಪ್ರೋಗ್ರಾಮನ್ನು ತೆರೆದಳು. ಪವರ್ ಲಿಮಿಟ್: ಐವತ್ತು ಪರ್ಸೆಂಟ್. ಆ ಸೆಟ್ಟಿಂಗ್ ಇದ್ದದ್ದು ಅವಳು ಅಂಗಡಿಯಲ್ಲಿ ಬಿಚ್ಚಿಟ್ಟಿದ್ದ ಡಿಸ್ಕಿನಲ್ಲೇ.

“ಇದನ್ನ ಯಾರು ಇಳಿಸಿದ್ದು?”

ಕೋಣೆಯಲ್ಲಿ ಒಂದು ಜೊತೆ ಕಿವಿ ಕೆಂಪಾಗುತ್ತಿತ್ತು.

“ಅದು... ಫ್ಯಾನು ತುಂಬಾ ಸದ್ದು ಮಾಡ್ತಿತ್ತು,” ಎಂದ ಅವನು. “ಒಂದು ವಿಡಿಯೋದಲ್ಲಿ ಹೀಗೆ ಮಾಡಿ ಅಂತ ಹೇಳಿದ್ರು. ಅದಕ್ಕೂ ಇದಕ್ಕೂ ಸಂಬಂಧ ಇರುತ್ತೆ ಅಂತ ಗೊತ್ತಿರ್ಲಿಲ್ಲ.”

“ಫ್ಯಾನಿನ ಸದ್ದು ಅಷ್ಟು ತೊಂದರೆನಾ?”

“ನಾನು ಹಲ್ಲಿನ ಡಾಕ್ಟ್ರು ರೀ. ದಿನವಿಡೀ ಡ್ರಿಲ್ ಸದ್ದು ಕೇಳಿ ಮನೆಗೆ ಬಂದ್ರೆ, ಇಲ್ಲೂ ಅದೇ ಸದ್ದು. ಯಾರೋ ಬಾಯಿ ತೆಕ್ಕೊಂಡು ಕಾಯ್ತಿದ್ದಾರೆ ಅನ್ನಿಸೋದು.”

ಈ ಸಲ ಅವಳು ನಗು ತಡೆಯಲಿಲ್ಲ. ಅವನೂ ಜೋರಾಗಿ ನಕ್ಕ; ಅದು ಕೇಳಿ ಅಮ್ಮನೂ ಅಡುಗೆಮನೆಯಿಂದ ನಕ್ಕರು.

ಯಜಮಾನರಿಗೆ ಮಾತ್ರ ವಿಷಯ ಗೊತ್ತಾಗಬೇಕಿತ್ತು. “ಏನು... ಅದು?” ಎಂದು ಪರದೆಯ ಕಡೆ ಗಲ್ಲ ಚಾಚಿದರು. ಅವಳು ಸೀಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತಳು.

“ಲೋಡ್ ತುಂಬಿದ ಲಾರಿ ಅಂದ್ಕೊಳ್ಳಿ. ಸಪಾಟು ರಸ್ತೆಯಲ್ಲಿ ಅರ್ಧ ಡೀಸೆಲ್ ಕೊಟ್ರೂ ಹೋಗುತ್ತೆ. ಏರು ಬಂದಾಗ ಇಂಜಿನ್ನು ಇನ್ನೂ ಬೇಕು ಅಂತ ಕೇಳುತ್ತೆ, ಪಂಪು ಕೊಡೋದೇ ಇಲ್ಲ. ಆಗ ಏನಾಗುತ್ತೆ?”

“ಜರ್ಕು... ಹೊಡೆಯುತ್ತೆ.”

“ಅಷ್ಟೇ. ಗೇಮಲ್ಲಿ ಮರ, ಮಂಜು, ಮಳೆ ಬಂದ್ರೆ ಕಾರ್ಡಿಗೆ ಅದೇ ಏರು. ನಿಮ್ಮ ಮಗ ಪಂಪನ್ನ ಅರ್ಧಕ್ಕೆ ಕಟ್ಟಿಹಾಕಿದ್ದಾರೆ.”

ಯಜಮಾನರು ಮಗನನ್ನು ನೋಡಿದ ನೋಟದಲ್ಲಿ ಮೂವತ್ತೆಂಟು ವರ್ಷದ ಕ್ಲೀನರುಗಳ ಮೇಲೆಲ್ಲ ಬಿದ್ದಿದ್ದ ನೋಟವಿತ್ತು.

“ಹಾಗಂತ ಪೂರ್ತಿ ನೂರಕ್ಕೆ ಬಿಡೋದೂ ಬೇಡ,” ಎಂದಳು. ನೂರಕ್ಕೆ ಏರಿಸಿ ತೋರಿಸಿದಳು: ಎಪ್ಪತ್ತೆರಡು ಚಿತ್ರ, ಫ್ಯಾನಿನ ಅಬ್ಬರವೂ ಹೆಚ್ಚು. ಎಂಬತ್ತಕ್ಕೆ ಇಳಿಸಿದಳು: ಅರವತ್ತೊಂಬತ್ತು, ಸದ್ದು ಅರ್ಧಕ್ಕರ್ಧ. “ಕೊನೆಯ ಇಪ್ಪತ್ತು ಪರ್ಸೆಂಟ್ ಕರೆಂಟು ಸುಮ್ನೆ ಬಿಸಿಯಾಗಿ ಹೋಗುತ್ತೆ. ಕಳ್ಕೊಳ್ಳೋದು ಮೂರೇ ಚಿತ್ರ. ಕಣ್ಣಿಗೆ ಗೊತ್ತಾಗಲ್ಲ, ಡಾಕ್ಟ್ರ ಕಿವಿಗೂ ನೆಮ್ಮದಿ.”

“ಇಷ್ಟು ಸುಲಭಾನಾ?” ಎಂದ ಅವನು, ಅವಳ ಭುಜದ ಹಿಂದಿನಿಂದ ಬಾಗಿ. ಅವನ ಅಂಗಿಯಿಂದ ಆಸ್ಪತ್ರೆಯ ಸೋಪಿನ ವಾಸನೆ ಬರುತ್ತಿತ್ತು.

“ಗೊತ್ತಿದ್ದವರಿಗೆ ಎಲ್ಲಾ ಸುಲಭ. ಅಂದ ಹಾಗೆ, ನಾನು ನಿಜವಾಗ್ಲೂ ಟೆಸ್ಟ್ ಮಾಡಿದ್ದೆ.”

“ತಪ್ಪಾಯ್ತು.”

“ಕೇಳಿಸ್ಲಿಲ್ಲ. ಫ್ಯಾನ್ ಸದ್ದು.”

“ತಪ್ಪಾಯ್ತು ಮೇಸ್ತ್ರಿ!”

ಆ ಸಂಜೆ ಯಜಮಾನರು ಬೆಟ್ಟ ಇಳಿದರು, ನದಿ ದಾಟಿದರು, ಊರೊಂದರ ಗೋದಾಮಿನ ಮುಂದೆ ಹಿಮ್ಮುಖವಾಗಿ ಲಾರಿ ತಂದು ಒಂದೇ ಏಟಿಗೆ ನಿಲ್ಲಿಸಿದರು. ಬಲಗೈ ಸ್ಟೀರಿಂಗಿನ ಮೇಲಿತ್ತು. ಬೆರಳು ನಡುಗುತ್ತಿದ್ದರೂ ಬಿಟ್ಟಿರಲಿಲ್ಲ. ಅವಳು ತಲೆ ಎತ್ತಿ ನೋಡಿದಾಗ ಹಲ್ಲಿನ ಡಾಕ್ಟರು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದ. ನೋಡದವಳಂತೆ ಚೀಲದ ಜಿಪ್ ಎಳೆದಳು.

*

ಮುಂದಿನ ಶುಕ್ರವಾರ ಸಂಜೆ ಆರಕ್ಕೆ ಫೋನು ಬಂತು. ಮತ್ತೆ ಬಿಕ್ಕಳಿಕೆ.

ಹೋಗಿ ನೋಡಿದರೆ ಪವರ್ ಲಿಮಿಟ್ ಐವತ್ತೈದು. “ನಾನು ಮುಟ್ಟಿಲ್ಲ, ದೇವರಾಣೆ,” ಎಂದ ಅವನು. ಯಾವುದೋ ಅಪ್‌ಡೇಟ್ ಬಂದು ಸೆಟ್ಟಿಂಗ್ ಕೆಡಿಸಿರಬೇಕು ಎಂದುಕೊಂಡು ಸರಿಮಾಡಿದಳು. ಅಮ್ಮ ಚಹಾ ಕುಡಿಸದೆ ಕಳಿಸಲಿಲ್ಲ. ಬಸ್ ಸ್ಟಾಪಿನವರೆಗೆ ಅವನು ಜೊತೆಗೆ ನಡೆದು ಬಂದ.

ಅದರ ಮುಂದಿನ ಶುಕ್ರವಾರ ಅರವತ್ತಕ್ಕೆ ಇಳಿದಿತ್ತು. ಈ ಸಲ ಚಹಾದ ಜೊತೆ ಬಿಸ್ಕತ್ತು. ಬಸ್ ಸ್ಟಾಪಿನಲ್ಲಿ ಎರಡು ಬಸ್ಸು ಬಂದು ಹೋದವು, ಮೂರನೆಯದಕ್ಕೆ ಹತ್ತಿದಳು. ಇಬ್ಬರ ಕೆಲಸವೂ ಎಷ್ಟು ಒಂದೇ ಥರ ಎಂಬ ಮಾತು ನಡೆದಿತ್ತು.

“ಇಬ್ರೂ ಚಿಕ್ಕ ಕನ್ನಡಿ, ಚಿಕ್ಕ ಟಾರ್ಚು ಹಿಡ್ಕೊಂಡು ಕತ್ತಲಲ್ಲಿ ಇಣುಕೋರು,” ಎಂದ ಅವನು.

“ಇಬ್ರೂ ‘ಕ್ಲೀನ್ ಆಗಿ ಇಟ್ಕೊಳ್ಳಿ’ ಅಂತ ಹೇಳಿ ಹೇಳಿ ಸೋತೋರು.”

“ಇಬ್ರ ಹತ್ರಾನೂ ಜನ ನೋವು ತಡೆಯೋಕಾಗ್ದೇ ಇದ್ದಾಗ್ಲೇ ಬರೋದು.”

“ನಿಮ್ಮ ಗಿರಾಕಿಗಳಾದ್ರೂ ಬಾಯಿ ತೆರೆದ್ರೆ ಮಾತಾಡಲ್ಲ,” ಎಂದಳು. “ನನ್ನ ಗಿರಾಕಿಗಳು ಬಾಯಿ ಮುಚ್ಚೋದೇ ಇಲ್ಲ.”

ಅವನು ನಕ್ಕ. ಅವನು ನಗುವ ರೀತಿ ವಿಚಿತ್ರ: ಮೊದಲು ಕಣ್ಣು ಸಣ್ಣಗಾಗುತ್ತಿತ್ತು, ಆಮೇಲೆ ಭುಜ ಅಲುಗುತ್ತಿತ್ತು, ಎಲ್ಲಕ್ಕಿಂತ ಕೊನೆಗೆ ಸದ್ದು. ಆ ಸದ್ದು ಬರುವುದನ್ನು ಅವಳು ಕಾಯತೊಡಗಿದ್ದಳು.

ಅಂಗಡಿಯಲ್ಲಿ ಮಾವನಿಗೆ ಎಲ್ಲ ಕಾಣುತ್ತಿತ್ತು. “ಗುಬ್ಬಿ,” ಎಂದ, ಅವಳ ಬಾಲ್ಯದ ಹೆಸರು ಹಿಡಿದು. “ಕಾಯಿಲೆ ಆ ಕಾರ್ಡಿಗೋ, ನಿನಗೋ?”

“ಡ್ರೈವರ್ ಸಮಸ್ಯೆ ಮಾವ. ಸಾಫ್ಟ್‌ವೇರ್ ಡ್ರೈವರ್.”

“ಹೂಂ ಹೂಂ. ಡ್ರೈವರ ಮಗನ ಸಮಸ್ಯೆ.”

ಅವಳು ಸ್ಕ್ರೂಡ್ರೈವರ್ ತೋರಿಸಿ ಹೆದರಿಸಿದಳು. ಆದರೂ ಆ ಕಾರ್ಡಿನ ವಿಷಯ ಅವಳನ್ನು ಕೊರೆಯುತ್ತಿತ್ತು. ಭಾನುವಾರವೆಲ್ಲ ಕೂತು, ಹೀಗೆ ತಾನಾಗಿಯೇ ಪವರ್ ಇಳಿಯುವ ಕಾಯಿಲೆ ಬೇರೆ ಯಾರಿಗಾದರೂ ಬಂದಿದೆಯೇ ಎಂದು ಹುಡುಕಿದಳು. ಯಾರಿಗೂ ಬಂದಿರಲಿಲ್ಲ.

ಮೂರನೇ ಶುಕ್ರವಾರ, ಮತ್ತೆ ಐವತ್ತು. ಯಜಮಾನರು ಸೀಟಿನಲ್ಲಿ ಒರಗಿದ್ದರು, ಮುಖ ಬಿಳಿಚಿತ್ತು, ಅಮ್ಮ ಒದ್ದೆ ಬಟ್ಟೆಯಿಂದ ಹಣೆ ಒರೆಸುತ್ತಿದ್ದರು. ಅವಳು ಆ ಪ್ರೋಗ್ರಾಮು ತಾನೇ ಬರೆದಿಟ್ಟುಕೊಳ್ಳುವ ದಿನಚರಿಯನ್ನು ತೆರೆದು ನೋಡಿದಳು. ಯಾವ ಅಪ್‌ಡೇಟೂ ಬಂದಿರಲಿಲ್ಲ. ಮೂರು ಶುಕ್ರವಾರ. ಐದು ನಲವತ್ತು, ಐದು ಮೂವತ್ತೆಂಟು, ಐದು ನಲವತ್ತೈದು. ಯಾರೋ ಮೌಸ್ ಹಿಡಿದು ಕೈಯಾರೆ ಎಳೆದಿದ್ದರು.

ಶುಕ್ರವಾರ ಕ್ಲಿನಿಕ್ಕು ಬೇಗ ಮುಚ್ಚುತ್ತಿತ್ತು. ಐದೂವರೆಗೆ ಅವನು ಮನೆಯಲ್ಲಿರುತ್ತಿದ್ದ. ಆರಕ್ಕೆ ಅವಳಿಗೆ ಫೋನು.

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವಳ ಎದೆ ಹಗುರವಾಗಿ ಹಾರಿತು. ನನಗೋಸ್ಕರ. ಮರುಕ್ಷಣವೇ ಯಜಮಾನರ ಬಿಳಿಚಿದ ಮುಖ ಕಣ್ಣಿಗೆ ಬಿತ್ತು, ಹಾರಿದ್ದು ಕಲ್ಲಿನಂತೆ ಕೆಳಗೆ ಬಂತು.

ಮೆಟ್ಟಿಲಿಳಿಯುವಾಗ ಎರಡನೇ ಮಹಡಿಯಲ್ಲಿ ನಿಂತಳು. ಅವನೂ ನಿಂತ.

“ನನ್ನನ್ನ ನೋಡಬೇಕು ಅಂತಿದ್ರೆ ಅಂಗಡಿಗೆ ಬರಬಹುದಿತ್ತು,” ಎಂದಳು. “ಫೋನ್ ಮಾಡಬಹುದಿತ್ತು. ನಿಮ್ಮಪ್ಪನಿಗೆ ತಲೆ ಸುತ್ತು ಬರ್ಸಿ ಕರೀಬೇಕಿತ್ತಾ?”

“ಏನು ಹೇಳ್ತಿದ್ದೀರಿ?”

“ಐದು ನಲವತ್ತು. ಐದು ಮೂವತ್ತೆಂಟು. ಐದು ನಲವತ್ತೈದು. ಕೈಯಾರೆ ಇಳಿಸಿದ್ದು ಅದರಲ್ಲೇ ಬರೆದಿದೆ. ಆ ಮನೆಯಲ್ಲಿ ಪವರ್ ಇಳಿಸೋಕೆ ಬರೋರು ಒಬ್ಬರೇ.”

ಅವನ ಮುಖದಲ್ಲಿ ಮೊದಲು ಗೊಂದಲ. ನಂತರ ಏನೋ ಹೊಳೆದಂತೆ ತಟ್ಟನೆ ತಲೆ ಎತ್ತಿ, ಮೂರನೇ ಮಹಡಿಯ ಬಾಗಿಲ ಕಡೆ ನೋಡಿದ. ಬಾಯಿ ತೆರೆದ. ಮುಚ್ಚಿದ. ಅವಳು ಕಾದಳು. ಇಲ್ಲ ಎನ್ನಲಿ ಎಂದು ಎಷ್ಟು ಆಸೆಯಿಂದ ಕಾದಳೆಂದರೆ, ತನಗೇ ನಾಚಿಕೆಯಾಯಿತು.

“ಇನ್ನು ಮೇಲೆ ಹಾಗಾಗಲ್ಲ,” ಎಂದ ಅವನು, ಮೆಲ್ಲಗೆ.

ಅಷ್ಟೇ. ಕಿವಿ ಕೂಡ ಕೆಂಪಾಗಲಿಲ್ಲ. ಅದನ್ನು ಅವಳು ಗಮನಿಸಬೇಕಿತ್ತು; ಆದರೆ ಕಣ್ಣು ಮಂಜಾಗಿತ್ತು. “ಇನ್ನು ಫೋನ್ ಮಾಡಬೇಡಿ” ಎಂದು ಹೇಳಿ ದಡದಡನೆ ಇಳಿದುಹೋದಳು. ಆ ದಿನ ಮೊದಲು ಬಂದ ಬಸ್ಸನ್ನೇ ಹತ್ತಿದಳು.

*

ಎರಡು ಶುಕ್ರವಾರ ಫೋನು ಬರಲಿಲ್ಲ. ತಾನೇ ಬೇಡ ಎಂದಿದ್ದು, ಆದರೂ ಆರು ಗಂಟೆಗೆ ಕೈ ತಾನಾಗಿ ನಿಲ್ಲುತ್ತಿತ್ತು. ಒಬ್ಬರ ಪ್ರಿಂಟರಿಗೆ ಇನ್ನೊಬ್ಬರ ಕೇಬಲ್ ಹಾಕಿ ಕಳಿಸಿದಳು. ಮಾವ ಚುಡಾಯಿಸುವುದನ್ನು ಬಿಟ್ಟು, ಮಧ್ಯಾಹ್ನ ಸುಮ್ಮನೆ ಬಂದು ಅವಳ ಪಕ್ಕ ಕೂತು ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಆಟೋ ನಿಂತಿತು. ಮೊದಲು ಒಂದು ಊರುಗೋಲು ಹೊರಬಂತು, ಆಮೇಲೆ ದೊಡ್ಡ ಭುಜ, ಬಿಳಿ ಮೀಸೆ. ಹಿಂದಿನಿಂದ ಅಮ್ಮ, ಹಿಡಿಯಲು ಹೋದರೆ ಕೈ ಕೊಡವಿಸಿಕೊಳ್ಳುತ್ತಾ. ಅಂಗಡಿಗೆ ನಾಲ್ಕು ಮೆಟ್ಟಿಲು. ಅವುಗಳನ್ನು ಹತ್ತಲು ಯಜಮಾನರಿಗೆ ಐದು ನಿಮಿಷ ಹಿಡಿಯಿತು. ಕಾಯಿಲೆ ಬಿದ್ದ ಮೇಲೆ ಆಸ್ಪತ್ರೆ ಬಿಟ್ಟು ಬೇರೆಲ್ಲಿಗೂ ಹೊರಟವರಲ್ಲ ಎಂದು ಅಮ್ಮ ಆಮೇಲೆ ಹೇಳಿದರು.

ಅವಳು ಓಡಿಹೋಗಿ ಕುರ್ಚಿ ಹಾಕಿದಳು.

“ಮೇಸ್ತ್ರಿ,” ಎಂದರು, ಉಸಿರು ತಂದುಕೊಂಡು. “ಅದು... ನಾನು.”

“ಏನು ನೀವು?”

“ಪವರು. ನಾನೇ... ಇಳಿಸ್ತಿದ್ದೆ.”

ಅವಳ ಕೈಯಲ್ಲಿದ್ದ ಇಕ್ಕಳ ಮೇಜಿನ ಮೇಲೆ ಬಿತ್ತು.

“ನೀನು ಮಾಡೋದು... ನೋಡಿ ಕಲ್ತೆ. ಇವಳು ತರಕಾರಿಗೆ ಹೋದಾಗ... ಅವನು ಸ್ನಾನಕ್ಕೆ ಹೋದಾಗ.” ಮೀಸೆಯ ಕೆಳಗೆ ಕಳ್ಳ ನಗು ಇಣುಕಿತು. “ಬಲಗೈಲೇ. ಮೌಸು... ಬಲಗೈಲೇ ಎಳೆದೆ.”

“ಯಾಕೆ?” ಎಂದಳು, ಕೇಳುವಷ್ಟರಲ್ಲೇ ಉತ್ತರ ಗೊತ್ತಾಗುತ್ತಾ.

ಅವರು ಬಹಳ ಹೊತ್ತು ಮಾತು ಹುಡುಕಿದರು. ಅಮ್ಮ ನಡುವೆ ಬಾಯಿ ಹಾಕಲು ಹೋದಾಗ ಎಡಗೈ ಎತ್ತಿ ತಡೆದರು. ಇದನ್ನು ತಾವೇ ಹೇಳಬೇಕಿತ್ತು.

“ನಾನು ಬಿದ್ದ ಮೇಲೆ... ಅವನು ನಕ್ಕಿರ್ಲಿಲ್ಲ. ಒಂದು ವರ್ಷ. ಕ್ಲಿನಿಕ್ಕು, ಮನೆ, ನನ್ನ ಕೈ ತಿಕ್ಕೋದು... ಅಷ್ಟೇ. ನೀನು ಬಂದ ದಿನ... ನಕ್ಕ. ಅಡುಗೆಮನೆಗೆ ಕೇಳಿಸೋ ಹಾಗೆ.” ಬೆರಳಿನಿಂದ ಗಾಳಿಯಲ್ಲಿ ಏನನ್ನೋ ಎಳೆದು ತೋರಿಸಿದರು. “ಅದಕ್ಕೆ.”

“ನಿಮಗೆ ತಲೆ ಸುತ್ತು ಬರ್ತಿತ್ತಲ್ಲ!”

“ಬೆಟ್ಟ ಇಳಿಸಿ... ಜೀವನ ಮಾಡಿದವನು. ಹತ್ತು ನಿಮಿಷ... ತಲೆ ಸುತ್ತಿದ್ರೆ... ಸಾಯ್ತೀನಾ?”

“ಸಾಯೋದಲ್ಲ, ನನ್ನ ಸಾಯಿಸ್ತಾರೆ,” ಎಂದರು ಅಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ. “ಮಗ ಒಂದು ಮಾತು ಬಾಯಿ ಬಿಡ್ಲಿಲ್ಲಮ್ಮ. ನಿನ್ನೆ ಇವರೇ ಒಪ್ಪಿಕೊಂಡಾಗ ಗೊತ್ತಾಯ್ತು. ‘ಅವತ್ತು ಮೆಟ್ಟಿಲ ಮೇಲೇ ನನಗೆ ಗೊತ್ತಾಗಿತ್ತು’ ಅಂದ. ‘ಮತ್ತೆ ಹೇಳ್ಬೇಕು ತಾನೇ’ ಅಂದ್ರೆ, ‘ಹೇಳಿದ್ರೆ ಅಪ್ಪ ಮೇಸ್ತ್ರಿ ಕಣ್ಣಲ್ಲಿ ಚಿಕ್ಕೋರಾಗ್ತಿದ್ರು’ ಅಂದ.”

ಅವಳು ಯಜಮಾನರ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೈಯಬೇಕೆಂದಿದ್ದಳು. ಬೈಗುಳ ಬರಲಿಲ್ಲ.

“ಇನ್ನೊಂದು ಸಲ ಪವರ್ ಇಳಿಸಿದ್ರೆ ಸ್ಟೀರಿಂಗ್ ಬಿಚ್ಕೊಂಡು ಹೋಗ್ತೀನಿ,” ಎಂದಳು ಕೊನೆಗೆ.

“ಇಳಿಸಲ್ಲ.” ಅವರು ಅವಳ ಬೆರಳನ್ನು ಒತ್ತಿದರು, ಆ ಕೈಯಲ್ಲಿ ಅಷ್ಟು ಬಲವಿತ್ತು. “ಹೋಗು... ಅವನು ಕ್ಲಿನಿಕ್ಕಲ್ಲಿದ್ದಾನೆ.”

ಕೌಂಟರಿನ ಹಿಂದಿನಿಂದ ಮಾವ ಆಗಲೇ ಅವಳ ಚೀಲ ತಂದು ಹಿಡಿದಿದ್ದ.

*

ಕ್ಲಿನಿಕ್ಕಿನ ಬಾಗಿಲಲ್ಲಿ ಚೀಟಿ ಬರೆಯುತ್ತಾ ಕೂತಿದ್ದ ಅಕ್ಕ ತಲೆ ಎತ್ತದೆ ಕೇಳಿದರು: “ನೋವು ಯಾವ ಕಡೆ?”

“ನೋವಿಲ್ಲ. ಡಾಕ್ಟ್ರ ಹತ್ರ ಎರಡು ಮಾತಾಡಬೇಕು.”

“ಮಾತಾಡೋಕೂ ಚೀಟಿ ಬೇಕು. ಕೂತ್ಕೊಳ್ಳಿ.”

ಹಾಗಾಗಿ, ಅರ್ಧ ಗಂಟೆಯ ಮೇಲೆ, ಕ್ಷಮೆ ಕೇಳಲು ಬಂದವಳು ಉದ್ದನೆಯ ಕುರ್ಚಿಯಲ್ಲಿ ಅಂಗಾತ ಮಲಗಿದ್ದಳು. ಎದೆಯ ಮೇಲೆ ನೀಲಿ ಕಾಗದ, ಮುಖದ ಮೇಲೆ ದೀಪ. ಅವನು ಮಾಸ್ಕ್ ಹಾಕಿಕೊಂಡು, ಹಿಂದಿನ ರೋಗಿಯ ಚೀಟಿ ಓದುತ್ತಾ ಒಳಗೆ ಬಂದ. ತಲೆ ಎತ್ತಿದ. ಕಣ್ಣಷ್ಟೇ ಕಾಣುತ್ತಿತ್ತು, ಅಷ್ಟು ಸಾಕಿತ್ತು.

“ನೀವು...”

“ತಪ್ಪಾಯ್ತು,” ಎಂದಳು, ಮಲಗಿದಲ್ಲಿಂದಲೇ.

ಅವನು ನಿಂತೇ ಇದ್ದ.

“ಬೆಳಿಗ್ಗೆ ನಿಮ್ಮಪ್ಪ ಅಂಗಡಿಗೆ ಬಂದಿದ್ರು. ನಾಲ್ಕು ಮೆಟ್ಟಿಲು ಹತ್ತಿ.”

ಅವನು ಸ್ಟೂಲಿನ ಮೇಲೆ ಕುಸಿದು ಕೂತ. “ಹತ್ತಿದ್ರಾ? ತಾವೇ?”

“ತಾವೇ. ಅಮ್ಮನ ಕೈ ಹಿಡೀಲಿಲ್ಲ. ನೀವ್ಯಾಕೆ ಅವತ್ತು ಹೇಳ್ಲಿಲ್ಲ?”

“ಹೇಳಿದ್ರೆ ನೀವು ಅವರ ಮೇಲೆ ಸಿಟ್ಟಾಗ್ತಿದ್ರಿ. ಅವರಿಗೆ ನೀವಂದ್ರೆ ಪ್ರಾಣ. ನನ್ನ ಮೇಲೆ ಸಿಟ್ಟಾದ್ರೆ...” ಮುಂದಿನ ಮಾತು ಮಾಸ್ಕಿನೊಳಗೇ ಉಳಿಯಿತು.

“ಆದ್ರೆ?”

“ಹೇಗೋ ತಡ್ಕೋಬಹುದು ಅಂದ್ಕೊಂಡೆ. ಆಗ್ಲಿಲ್ಲ.”

ಹೊರಗೆ ಅಕ್ಕ ಯಾರಿಗೋ ಚೀಟಿ ಕೊಡುತ್ತಿದ್ದರು. ಅವನು ಎದ್ದು ಕೈಗವಸು ಹಾಕಿಕೊಂಡು, ಏನಾದರೂ ಮಾಡಲೇಬೇಕೆಂಬಂತೆ ಪುಟ್ಟ ಕನ್ನಡಿ ಎತ್ತಿಕೊಂಡ. “ಬಂದಿದ್ದೀರಿ ಅಂದ ಮೇಲೆ ನೋಡಿಬಿಡೋಣ. ಬಾಯಿ ತೆಗೀರಿ.”

“ನನಗೇನೂ... ಆಆ.”

ಅವನ ಕಣ್ಣು ಗಂಭೀರವಾಯಿತು. “ಕೆಳಗಿನ ದವಡೆ, ಬಲಗಡೆ. ಎಷ್ಟು ದಿನದಿಂದ ಎಡಗಡೆ ಮಾತ್ರ ಅಗೀತಿದ್ದೀರಿ?”

ಅವಳು ನಾಲ್ಕು ಬೆರಳು ತೋರಿಸಿದಳು.

“ನಾಲ್ಕು ದಿನ?”

ತಲೆ ಅಡ್ಡಡ್ಡ.

“ನಾಲ್ಕು ತಿಂಗಳು! ಊರಿನವರ ಯಂತ್ರಕ್ಕೆಲ್ಲ ಬುದ್ಧಿ ಹೇಳೋ ಮೇಸ್ತ್ರಿ!”

ಅವಳಿಗೆ ಉತ್ತರ ಕೊಡಲು ಬಾಯಿ ಖಾಲಿ ಇರಲಿಲ್ಲ. ಅದನ್ನು ಅವನು ಸಂಪೂರ್ಣ ಬಳಸಿಕೊಂಡ. ಮರಗಟ್ಟಿಸುವ ಮದ್ದು ಚುಚ್ಚುವಾಗ ಅವನ ಎಡಗೈ ಅವಳ ಗಲ್ಲದ ಕೆಳಗೆ ಹಕ್ಕಿಯನ್ನು ಹಿಡಿದಂತೆ ಹಗುರವಾಗಿತ್ತು. “ಒಂದು ಸಣ್ಣ ಚುಚ್ಚು, ಅಷ್ಟೇ, ಮುಗೀತು, ಮುಗೀತು,” ಎನ್ನುತ್ತಿದ್ದ. ಸಾವಿರ ಜನರಿಗೆ ಹೇಳಿದ ಮಾತೇ ಇರಬೇಕು. ಅವಳಿಗೆ ಹಾಗೆ ಅನ್ನಿಸಲಿಲ್ಲ.

ಹುಳುಕು ತೆಗೆದು, ತುಂಬಿ, ಉಜ್ಜಿ ಮುಗಿಸುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕ್ಲಿನಿಕ್ಕಿನ ಊಟದ ವೇಳೆ. ಅವಳನ್ನು ಕಳಿಸಿಕೊಡಲು ಅವನು ಕೆಳಗೆ ಬಂದ. ಕಟ್ಟಡದ ಪಕ್ಕದ ಮರದಡಿ ಒಂದು ಕಲ್ಲು ಬೆಂಚು ಇತ್ತು. ಇಬ್ಬರೂ ಹೇಳದೆ ಕೇಳದೆ ಅದರ ಮೇಲೆ ಕೂತರು. ಅವಳ ಕೆಳತುಟಿಯ ಬಲ ಅರ್ಧ, ನಾಲಗೆಯ ಬಲ ಅರ್ಧ ಇರುವ ಸುಳಿವೇ ಇರಲಿಲ್ಲ.

“ಒಂದು ಮಾತು ಹೇಳಬೇಕು,” ಎಂದ ಅವನು. ಮಾಸ್ಕ್ ತೆಗೆದಿದ್ದ. ಕಿವಿ ಆಗಲೇ ಕೆಂಪು. “ಅಪ್ಪ ಮಾಡಿದ್ದು ತಪ್ಪು. ಆದ್ರೆ ಎರಡನೇ ಶುಕ್ರವಾರ ಗೇಮು ಬಿಕ್ಕಿದಾಗ ನನಗೆ ಬೇಜಾರಾಗ್ಲಿಲ್ಲ. ಖುಷಿಯಾಯ್ತು. ಅಪ್ಪ ಅಲ್ಲಿ ತಲೆ ಹಿಡ್ಕೊಂಡು ಕೂತಿದ್ರು, ನಾನು ನಿಮಗೆ ಫೋನ್ ಮಾಡಬಹುದಲ್ಲ ಅಂತ ಖುಷಿಪಡ್ತಿದ್ದೆ. ಅದಕ್ಕೇ ಮೆಟ್ಟಿಲ ಮೇಲೆ ನೀವು ಬೈದಾಗ ಸುಮ್ನಿದ್ದೆ. ಪೂರ್ತಿ ಸುಳ್ಳು ಅಂತ ಹೇಳೋಕಾಗ್ಲಿಲ್ಲ.” ಉಸಿರೆಳೆದುಕೊಂಡ. “ನನಗೆ ನೀವಂದ್ರೆ ತುಂಬಾ ಇಷ್ಟ. ಯಾವ ಯಂತ್ರ ಕೆಡದೇ ಇದ್ರೂ ನಿಮ್ಮನ್ನ ನೋಡಬೇಕು ಅನ್ಸುತ್ತೆ.”

ಎಂಟು ವರ್ಷದಲ್ಲಿ ಎಂಥೆಂಥ ಗಿರಾಕಿಗಳಿಗೆ ತಟ್ಟನೆ ಉತ್ತರ ಕೊಟ್ಟವಳು. ಈಗಲೂ ಉತ್ತರ ನಾಲಗೆಯ ತುದಿಯಲ್ಲೇ ಇತ್ತು. ನಾಲಗೆಯ ತುದಿ ಮಾತ್ರ ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ.

“ನಂಗೂ ಇತ್ತ,” ಎಂದಳು.

“ಏನಿತ್ತು?”

“ಇತ್ತ! ಇತ್ತ!”

“ಇತ್ತಾ? ಅಂದ್ರೆ... ಈಗ ಇಲ್ವಾ?” ಅವನ ಮುಖ ಸಪ್ಪಗಾಯಿತು.

ಅವಳು ಎರಡೂ ಕೈಯಿಂದ ಹಣೆ ಚಚ್ಚಿಕೊಂಡಳು. ತುಟಿಯ ಬಲ ಅರ್ಧವನ್ನು ಬೆರಳಿನಿಂದ ಎತ್ತಿ ಹಿಡಿದು ಪ್ರಯತ್ನಿಸಿದಳು. ಇನ್ನೂ ಕೆಟ್ಟದಾಗಿ ಬಂತು. ಅವನಿಗೆ ಆಗ ಹೊಳೆಯಿತು. ಮೊದಲು ಕಣ್ಣು ಸಣ್ಣಗಾಯಿತು. ಆಮೇಲೆ ಭುಜ ಅಲುಗತೊಡಗಿತು.

“ನಗ್ಬೇಲಿ,” ಎಂದಳು ಕೋಪದಿಂದ. “ನೀವೇ ಮಾಲಿದ್ದು.”

“ಮರಗಟ್ಟಿದ್ದು ಬಿಡೋಕೆ ಎರಡು ಗಂಟೆ ಬೇಕು,” ಎಂದ ಅವನು, ನಗು ತಡೆಯಲಾರದೆ. “ನನಗೆ ನಾಲ್ಕಕ್ಕೆ ಮುಂದಿನ ಪೇಷಂಟು. ಕಾಯ್ತೀನಿ.”

ಅವರು ಕಾದರು. ಅವನು ಅಪ್ಪನ ಲಾರಿಯ ಕಥೆಗಳನ್ನು ಹೇಳಿದ. ಚಿಕ್ಕವನಿದ್ದಾಗ ಕ್ಯಾಬಿನ್ನಿನ ಹಿಂದಿನ ಹಲಗೆಯ ಮೇಲೆ ಮಲಗಿ ಊರೂರು ಸುತ್ತಿದ್ದನ್ನು, ಮೊದಲ ಹಲ್ಲು ಬಿದ್ದಾಗ ಅಪ್ಪ ಅದನ್ನು ಅಂಗಿ ಜೇಬಿನಲ್ಲಿಟ್ಟುಕೊಂಡು ಮೂರು ಊರಿನ ಚೆಕ್‌ಪೋಸ್ಟಿನಲ್ಲಿ ತೋರಿಸಿದ್ದನ್ನು. ಅವಳು ಬರೀ ಹೂಂಗುಟ್ಟಿದಳು. ಮರದ ನೆರಳು ಬೆಂಚಿನ ಈ ತುದಿಯಿಂದ ಆ ತುದಿಗೆ ಸರಿಯಿತು. ಬಿಸಿಲು ತಪ್ಪಿಸಿಕೊಳ್ಳಲು ಅವಳೂ ಸರಿದಳು, ಅವನ ಕಡೆಗೆ. ಅವನು ಸರಿಯಲಿಲ್ಲ.

ಮೂರೂವರೆಯ ಹೊತ್ತಿಗೆ ತುಟಿಯಲ್ಲಿ ಇರುವೆ ಹರಿದಾಡಿದಂತಾಯಿತು. ಅವಳು ಬೆರಳಿನಿಂದ ಮುಟ್ಟಿ ನೋಡಿಕೊಂಡಳು. ನಾಲಗೆಯನ್ನು ಹಲ್ಲಿನ ಹಿಂದೆ ಒತ್ತಿದಳು. ಅದು ತನ್ನ ಜಾಗದಲ್ಲಿತ್ತು. ಅವನು ಮಾತು ನಿಲ್ಲಿಸಿ, ಉಸಿರು ಹಿಡಿದು ಅವಳ ಬಾಯಿಯನ್ನೇ ನೋಡುತ್ತಿದ್ದ. ಯಾವ ಡಾಕ್ಟರೂ ರೋಗಿಯನ್ನು ಹಾಗೆ ನೋಡುವುದಿಲ್ಲ.

“ಇಷ್ಟ,” ಎಂದಳು. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. “ನಂಗೂ ನೀವಂದ್ರೆ ತುಂಬಾ ಇಷ್ಟ.”

“ಕೇಳಿಸ್ತು,” ಎಂದ. “ಆದ್ರೂ ಇನ್ನೊಂದು ಸಲ.”

ಅವಳು ಇನ್ನೊಂದು ಸಲ ಹೇಳಿದಳು. ಮೇಲಿನ ಕಿಟಕಿಯಿಂದ ಅಕ್ಕ ಇಣುಕಿ, ನಾಲ್ಕು ಗಂಟೆಯ ಪೇಷಂಟು ಬಂದು ಕೂತಿದ್ದಾರೆ ಎಂದು ಕೂಗುವವರೆಗೂ ಹೇಳುತ್ತಲೇ ಇದ್ದಳು.